ಗೇರಿನಿಂದ ಹಲಸಿನವರೆಗೆ: ಕಾಸರಗೋಡಿನ ತೋಟಕ್ಕೆ ಹಣ್ಣು ಕೊಯ್ಯಲು ಮನೆಮಂದಿ ಹೊರಟರೆ

ಮರದಿಂದ ಹಣ್ಣು ಕೊಯ್ಯುವುದು ಯಾರಿಗಾದರೂ ಬರುತ್ತದೆ. ಕೊಯ್ದದ್ದನ್ನು ಕೆಡಿಸದೆ ಮನೆ ಮುಟ್ಟಿಸುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಸಂಜೆ ಕಾರಿನ ಡಿಕ್ಕಿ ತೆಗೆದಾಗ ಗೇರುಹಣ್ಣು ಹುಳಿತು ನೊರೆ ಬಿಟ್ಟಿರುತ್ತದೆ, ಮಾವಿನ ಮೈಮೇಲೆ ಸೊನೆ ಹರಿದಲ್ಲೆಲ್ಲ ಕಪ್ಪು ಗೀರು, ಹಲಸಿನ ಅಂಟುಹಾಲು, ಎಂದರೆ ಮಯಣ, ಸೀಟಿನ ಬಟ್ಟೆಗೆ ಅಂಟಿ ಕೂತಿರುತ್ತದೆ. ನಾಲ್ಕು ಬಗೆಯ ಹಣ್ಣನ್ನೂ ಒಂದೇ ಕ್ರಮದಲ್ಲಿ ಕೊಯ್ದು ಒಂದೇ ಚೀಲಕ್ಕೆ ತುಂಬಿಸಿದ ಫಲ ಇದು. ಗೇರಿಗೆ ಬೆಳಗಿನ ಹೊತ್ತು ಬೇಕು, ಮಾವಿಗೆ ಬಿಸಿಲೇರಿದ ಹೊತ್ತು, ಪುನರ್ಪುಳಿಗೆ (ಕೋಕಂ) ಮಳೆ ಬೀಳದ ವಾರ, ಹಲಸಿಗೆ ಹಗ್ಗ ಮತ್ತು ತೆಂಗಿನೆಣ್ಣೆ. ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಅಡೂರು, ಪೈವಳಿಕೆ, ವರ್ಕಾಡಿ ಕಡೆಯ ಗುಡ್ಡ ಮತ್ತು ತೋಟಗಳಿಗೆ ಹೊಂದುವ ಕ್ರಮ ಇಲ್ಲಿದೆ. ಲೆಕ್ಕವೆಲ್ಲ ಐದು ಮಂದಿಗೆ: ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ.

ಯಾವ ವಾರ, ಯಾವ ಹೊತ್ತು

ಏಪ್ರಿಲ್ ಮಧ್ಯದ ಬಿಸು ಹಬ್ಬ ಕಳೆದ ಮೇಲಿನ ವಾರದಿಂದ ಮೇ ತಿಂಗಳ ಮಧ್ಯದವರೆಗೆ ಹೋಗುವುದು ಸರಿ. ಗೇರು ಫೆಬ್ರವರಿಯಲ್ಲೇ ಸುರುವಾಗಿ ಮೇ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಪುನರ್ಪುಳಿ ಏಪ್ರಿಲಿನಲ್ಲಿ ಕೆಂಪಾಗತೊಡಗುತ್ತದೆ. ಕಾಡುಜಾತಿಯ ಕಾಟು ಮಾವು, ನೆಕ್ಕರೆ ಮಾವು ಅದರ ಬೆನ್ನಿಗೇ ಬರುತ್ತವೆ. ಹಲಸು ಮಾರ್ಚಿನಿಂದ ಜೂನಿನವರೆಗೂ ಇದ್ದೇ ಇದೆ. ನಾಲ್ಕೂ ಒಂದೇ ದಿನ ಕೈಗೆ ಸಿಗುವುದು ಈ ನಾಲ್ಕು ವಾರಗಳಲ್ಲಿ ಮಾತ್ರ. ಮೇ ಕೊನೆಯ ಪತ್ತನಾಜೆಯವರೆಗೆ ಕಾಯುತ್ತೇವೆಂದರೆ ಗೇರು ಇರುವುದಿಲ್ಲ, ಪುನರ್ಪುಳಿ ಮಳೆಗೆ ಕೊಳೆಯತೊಡಗಿರುತ್ತದೆ, ಮಾವಿನೊಳಗೆ ಹಣ್ಣುನೊಣದ ಹುಳ ಸೇರಿರುತ್ತದೆ. ಮುಂಗಾರು ಕೇರಳಕ್ಕೆ ಮುಟ್ಟುವ ವಾಡಿಕೆಯ ದಿನ ಜೂನ್ 1. ಆದರೆ ಹಣ್ಣನ್ನು ಕೆಡಿಸುವುದು ಮುಂಗಾರಲ್ಲ, ಅದಕ್ಕೂ ಮೊದಲು ಸಂಜೆ ಹೊತ್ತು ಸುರಿಯುವ ಎರಡು ಮೂರು ಅಡ್ಡಮಳೆ.

ಹಿಂದಿನ ರಾತ್ರಿ ಜೋರು ಮಳೆ ಬಿದ್ದಿದ್ದರೆ ಎರಡು ದಿನ ಮುಂದೆ ಹಾಕಿ. ಮರದ ತೊಗಟೆ ಜಾರುತ್ತದೆ, ಒದ್ದೆ ಹಣ್ಣು ಬುಟ್ಟಿಯಲ್ಲೇ ಬೂಸಲು ಹಿಡಿಯುತ್ತದೆ.

ಬೆಳಗ್ಗೆ 7 ಗಂಟೆಗೆ ತೋಟದಲ್ಲಿರಬೇಕು, 11ಕ್ಕೆ ಕೊಯ್ಲು ನಿಲ್ಲಿಸಬೇಕು, 2 ಗಂಟೆಯ ಒಳಗೆ ಮಾಡಿನ ಅಡಿ ಸೇರಬೇಕು. ಬೇಸಿಗೆಯ ಸಿಡಿಲು ನಮ್ಮಲ್ಲಿ ಮಧ್ಯಾಹ್ನದ ಮೇಲೆ ಬರುವುದು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಬಯಲಲ್ಲಿ ಇರಬೇಡಿ ಎಂದು ಪ್ರತಿ ವರ್ಷ ಎಚ್ಚರಿಸುವುದು ಇದಕ್ಕೇ. ಗುಡ್ಡದ ಮೇಲಿನ ಒಂಟಿ ಗೇರು ಮರದ ಅಡಿ, ಕೈಯಲ್ಲಿ ಹಣ್ಣು ಕೊಯ್ಯುವ ಉದ್ದ ಕೋಲು, ಎಂದರೆ ದೋಟಿ, ಹಿಡಿದು ನಿಂತವರಿಗಿಂತ ಸಿಡಿಲಿಗೆ ಸುಲಭದ ಗುರಿ ಇನ್ನೊಂದಿಲ್ಲ.

ಯಾರ ತೋಟ, ಯಾವ ಮಾತು

ಟಿಕೇಟು ಕೊಟ್ಟು ಒಳಗೆ ಹೋಗಿ ಹಣ್ಣು ಕೊಯ್ಯುವ ತೋಟಗಳನ್ನು ಇಲ್ಲಿ ಹುಡುಕುತ್ತಾ ಕೂರಬೇಡಿ. ನೆಂಟರ ಮನೆ, ಅಮ್ಮನ ತವರು, ಶಾಲೆಯ ಮಾಷ್ಟ್ರ ಗುರುತಿನವರು, ಹೀಗೆ ಒಬ್ಬರ ಮೂಲಕ ಒಂದು ತೋಟ ಸಿಗುತ್ತದೆ. ವಾರದ ಮೊದಲೇ ಫೋನು ಮಾಡಿ ನಾಲ್ಕು ಸಂಗತಿ ಕೇಳಿಕೊಳ್ಳಿ.

ಮೊದಲನೆಯದು, ಮರ ಗುತ್ತಿಗೆಗೆ ಹೋಗಿದೆಯೇ. ಗೇರುಗುಡ್ಡವನ್ನೂ ದೊಡ್ಡ ಮಾವಿನ ಮರವನ್ನೂ ಹೂ ಬಿಡುವಾಗಲೇ ಏಲಂ ಮಾಡಿ ಕೊಟ್ಟಿರುವುದುಂಟು. ಆಗ ಜಾಗದ ಧನಿಗಳು ಹೂಂ ಎಂದರೂ ಹಣ್ಣು ಅವರದ್ದಲ್ಲ. ಗುತ್ತಿಗೆ ಹಿಡಿದವರನ್ನು ಕೇಳದೆ ಕೈ ಹಾಕಿದರೆ ಜಗಳ ಧನಿಗಳ ಜಗಲಿಗೆ ಬರುತ್ತದೆ.

ಎರಡನೆಯದು, ಗೇರುಬೀಜದ ಲೆಕ್ಕ. ಗೇರಿನಲ್ಲಿ ಬೆಳೆ ಎಂದರೆ ಬೀಜ. ಹಣ್ಣು ಹೆಚ್ಚಿನ ಕಡೆ ಮರದ ಬುಡದಲ್ಲೇ ಕೊಳೆಯುವ ವಸ್ತು. ಆದ್ದರಿಂದ ಹಣ್ಣು ನಿಮಗೆ, ತಿರುಪಿ ತೆಗೆದ ಬೀಜ ಧನಿಗಳ ಬುಟ್ಟಿಗೆ. ಬೀಜವೂ ಬೇಕಿದ್ದರೆ ತೂಗಿಸಿ ಅಂದಿನ ಅಂಗಡಿ ದರ ಕೊಡಿ. ಮಕ್ಕಳ ಕಿಸೆಯಲ್ಲಿ ಉಳಿದ ಹತ್ತು ಬೀಜವನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಆದರೆ ಆ ಕಿಸೆಯ ಬಟ್ಟೆಯೂ ತೊಡೆಯ ಚರ್ಮವೂ ಉಳಿಯುವುದಿಲ್ಲ. ಕಾರಣ ಮುಂದೆ ಇದೆ.

ಮೂರನೆಯದು, ಕೊನೆಯ ಬಾರಿ ಮದ್ದು ಬಿಟ್ಟದ್ದು ಯಾವಾಗ, ಯಾವುದು. ಈ ಜಿಲ್ಲೆಯಲ್ಲಿ ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲವನ್ನು ಎಣ್ಮಕಜೆಯ ಕಡೆಯ ಮನೆಗಳು ಇನ್ನೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಈಗ ಗೇರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟಕ್ಕೆ ಮದ್ದು ಬಿಡುವವರು ಚಿಗುರು, ಹೂ, ಎಳೆ ಬೀಜದ ಹೊತ್ತಿಗೆ ಬಿಟ್ಟು ಮುಗಿಸಿರುತ್ತಾರೆ. ಮೇ ಕೊನೆಗೆ ಹೋಗುವವರು ಇನ್ನೊಂದನ್ನೂ ಕೇಳಬೇಕು: ಅಡಿಕೆಗೆ ಕೊಳೆರೋಗದ ಬೋರ್ಡೋ ಬಿಟ್ಟಾಗಿದೆಯೇ? ಮೈಲುತುತ್ತು ಮತ್ತು ಸುಣ್ಣದ ಆ ನೀಲಿ ನೀರು ಅಡಿಕೆಯ ಗೊನೆಗೆ ಬಿಟ್ಟದ್ದಾದರೂ ಕೆಳಗಿರುವ ಪೇರಳೆ, ಜಾಂಬು, ಬಾಳೆ ಎಲ್ಲದರ ಮೇಲೂ ಬೀಳುತ್ತದೆ. ಎಲೆಯ ಮೇಲೆ ತೆಳು ನೀಲಿ ಚುಕ್ಕೆ ಕಂಡರೆ ಆ ಗಿಡದ ಹಣ್ಣನ್ನು ಅಲ್ಲೇ ತಿನ್ನಬೇಡಿ.

ನಾಲ್ಕನೆಯದು ಹಣ. ನೆಂಟರಾದರೂ ತೂಕದ ಮಾತು ಮೊದಲೇ ಆಡಿ. ಅವರು ಬೇಡವೆಂದರೆ ಮನೆಗೆ ಏನಾದರೂ ತೆಗೆದುಕೊಂಡು ಹೋಗಿ. ಬೆಳಗ್ಗೆ ತೋಟ ಇಳಿಯುವ ಮೊದಲು ಜಗಲಿಯಲ್ಲಿ ಕೂತು ಆಸರಿಗೆ, ಎಂದರೆ ಬಾಯಾರಿಕೆಗೆ, ಕೊಟ್ಟ ಬೆಲ್ಲ-ನೀರು ಕುಡಿದೇ ಹೊರಡಿ. ಗಡಿಬಿಡಿಯಲ್ಲಿ ಅದನ್ನು ಬಿಟ್ಟು ನೇರ ಮರದ ಬುಡಕ್ಕೆ ಓಡುವುದು ಮರ್ಯಾದೆಯಲ್ಲ.

ತೋಟದಲ್ಲಿ ಕೆಲಸದವರ ಹತ್ತಿರ ಕೇಳುವಾಗ ಹೆಸರು ತಪ್ಪದಿರಲಿ. ಮಲಯಾಳದಲ್ಲಿ ಚಕ್ಕ ಎಂದರೆ ಹಲಸು. ಪುನಂಪುಳಿ ಎಂದರೆ ನಮ್ಮ ಪುನರ್ಪುಳಿ. ಕುಡಂಪುಳಿ ಎಂದು ಕೇಳಿದರೆ ಬೇರೆಯದೇ ಮರದ ಬುಡಕ್ಕೆ ಕರಕೊಂಡು ಹೋಗುತ್ತಾರೆ. ಅದರ ಹಣ್ಣು ಹಳದಿ, ಮಾಗುವುದು ಮಳೆಗಾಲದಲ್ಲಿ.

ಕಟ್ಟಿಕೊಳ್ಳಬೇಕಾದದ್ದು

ದೋಟಿ, ಏಣಿ, ದೊಡ್ಡ ಕತ್ತಿ ತೋಟದ ಮನೆಯಲ್ಲೇ ಇರುತ್ತವೆ, ಕೇಳಿ ತೆಗೆದುಕೊಳ್ಳಿ. ನೀವು ತರಬೇಕಾದದ್ದು: ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟು ಎರಡು, ಅಗಲ ಬಾಯಿಯ ಗಿಡ್ಡ ಪಾತ್ರೆ ಅಥವಾ ಬುಟ್ಟಿ ಎರಡು, ಗೋಣಿ ಎರಡು, ಹಳೆ ಪತ್ರಿಕೆ ಒಂದು ಕಟ್ಟು, ಹಳೆ ಬೈರಾಸು (ಟವೆಲು) ನಾಲ್ಕು, ಕೈಬೆರಳ ದಪ್ಪದ ಹಗ್ಗ 10 ಮೀಟರು, ಗಿಡ ಸವರುವ ಕತ್ತರಿ ಒಂದು, ತೆಂಗಿನೆಣ್ಣೆ 200 ಮಿಲಿ, ಸಾಬೂನು, ತಲೆಗೆ ಹಾಕಲು ಅಡಿಕೆ ಹಾಳೆಯ ಮುಟ್ಟಾಳೆ ಅಥವಾ ಟೊಪ್ಪಿ ಐದು. ನೀರು ತಲೆಗೆ ಎರಡು ಲೀಟರಿನ ಹಾಗೆ ಮನೆಯಿಂದಲೇ ತನ್ನಿ. ಮೇ ತಿಂಗಳಲ್ಲಿ ಗುಡ್ಡದ ಮನೆಗಳ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬತ್ತುತ್ತಾ ಬಂದಿರುತ್ತದೆ; ಐದು ಮಂದಿ ಹೋಗಿ ಅವರ ಕೊಡಪಾನ ಖಾಲಿ ಮಾಡುವುದು ಚೆಂದವಲ್ಲ.

ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ, ಬಿಸಿಯನ್ನೂ ನೀರಾವಿಯನ್ನೂ ಬಿಡುತ್ತದೆ. ಕಟ್ಟಿದ ಚೀಲದಲ್ಲಿ ಅದು ತನ್ನದೇ ಬೆವರಿನಲ್ಲಿ ಬೇಯುತ್ತದೆ.

ಬಟ್ಟೆ ಹಳೆಯದಿರಲಿ, ಬಣ್ಣ ಗಾಢವಿರಲಿ, ತೋಳು ಉದ್ದವಿರಲಿ. ಗೇರುಹಣ್ಣಿನ ರಸ ಬಿದ್ದಲ್ಲಿ ಮೊದಲು ಏನೂ ಕಾಣುವುದಿಲ್ಲ, ಒಗೆದು ಒಣಗಿಸಿದ ಮೇಲೆ ಕಂದು ಕಲೆ ಮೇಲೆ ಬರುತ್ತದೆ, ಮತ್ತೆ ಹೋಗುವುದಿಲ್ಲ. ಕಾಲಿಗೆ ಹವಾಯಿ ಚಪ್ಪಲಿ ಹಾಕಿದರೆ ಒಣಗಿದ ಗೇರೆಲೆಯ ಮೇಲೆ, ಅಡಿಕೆ ಹಾಳೆಯ ಮೇಲೆ ಜಾರುತ್ತದೆ. ಶೂ ಹಾಕಿಸಿ.

ಬುತ್ತಿಯ ವಿಷಯದಲ್ಲಿ ಒಂದು ಮಾತು. ಹಸಿದು ಹಲಸು, ಉಂಡು ಮಾವು ಎನ್ನುತ್ತಾರಲ್ಲ, ಆ ಗಾದೆಯಲ್ಲಿ ಗೇರಿನ ಹೆಸರಿಲ್ಲ. ಖಾಲಿ ಹೊಟ್ಟೆಯಲ್ಲಿ ಎರಡು ಗೇರುಹಣ್ಣು ತಿಂದ ಮಗು ಗಂಟಲು ಕೆರೆಯುತ್ತಿದೆ ಎಂದು ಅಳುತ್ತದೆ. ಬೆಳಗ್ಗಿನ ತಿಂಡಿ ಮುಗಿಸಿಯೇ ತೋಟ ಇಳಿಯಿರಿ.

ಮೊದಲು ಗೇರು, 7ರಿಂದ 8

ಗೇರನ್ನು ಕೊಯ್ಯುವುದೆಂದರೆ ಹೆಕ್ಕುವುದು. ಪೂರ್ತಿ ಬಲಿತದ್ದು ಬೀಜದ ಸಮೇತ ತಾನೇ ಬೀಳುತ್ತದೆ. ರಾತ್ರಿ, ಮುಂಜಾವದಲ್ಲಿ ಬಿದ್ದದ್ದು ಏಳು ಗಂಟೆಗೆ ಇನ್ನೂ ತಂಪಾಗಿ, ಗಟ್ಟಿಯಾಗಿ ಇರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಅದೇ ಹಣ್ಣು ಮೆತ್ತಗಾಗಿ ಹುಳಿವಾಸನೆ ಹಿಡಿಯುತ್ತದೆ. ಗೇರನ್ನು ಮೊದಲಿಗೆ ಇಟ್ಟಿರುವುದು ಇದಕ್ಕೇ.

ಕೋಲಿನಿಂದ ತರಗೆಲೆ ಸರಿಸಿ, ಕಣ್ಣಲ್ಲಿ ನೋಡಿ, ಆಮೇಲೆ ಕೈ ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ಮರದಲ್ಲೇ ಕಲಿಸಿ. ತರಗೆಲೆಯ ಬಣ್ಣಕ್ಕೂ ಕನ್ನಡಿ ಹಾವಿನ ಬಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹೆಕ್ಕಿದ ಹಣ್ಣಲ್ಲಿ ಹಲ್ಲಿನ ಗುರುತು, ಉಗುರಿನ ಗೀರು, ಅರ್ಧ ಚೀಪಿದ ಲಕ್ಷಣ ಇದ್ದರೆ ಅದು ಬಾವಲಿ ಮುಟ್ಟಿದ್ದು. ಕೋಝಿಕ್ಕೋಡಿನಲ್ಲಿ 2018ರಲ್ಲಿ, ಮತ್ತೆ 2023ರಲ್ಲಿ ನಿಪಾ ಬಂದ ಮೇಲೆ ಕೇರಳದಲ್ಲಿ ಈ ಬಗ್ಗೆ ಎರಡು ಮಾತಿಲ್ಲ. ಕಚ್ಚಿದ ಭಾಗ ಕತ್ತರಿಸಿ ಉಳಿದದ್ದು ತಿನ್ನುವುದು ಬೇಡ, ಇಡೀ ಹಣ್ಣನ್ನು ಬಿಸಾಡಿ ಕೈ ಸಾಬೂನಿನಲ್ಲಿ ತೊಳೆಯಿರಿ.

ತಿನ್ನಲು ಮರದಿಂದಲೇ ಕಿತ್ತದ್ದು ಒಳ್ಳೆಯದು. ಗೇರು ಮರ ಗಿಡ್ಡ, ಕೊಂಬೆ ಕೈಗೆಟಕುತ್ತದೆ. ಬೀಜ ಹಸಿರು ಬಿಟ್ಟು ಬೂದು ಬಣ್ಣಕ್ಕೆ ತಿರುಗಿರಬೇಕು, ಹಣ್ಣು ಮುಟ್ಟಿದರೆ ಕಳಚಿ ಬರಬೇಕು. ಎಳೆಯಬೇಕಾಯಿತು ಎಂದಾದರೆ ಬಲಿತಿಲ್ಲ, ಬೀಜದೊಳಗೆ ತಿರುಳೂ ತುಂಬಿಲ್ಲ. ಮರ ಹತ್ತಬೇಡಿ. ಗೇರಿನ ಕೊಂಬೆ ದಪ್ಪ ಕಂಡರೂ ಟಿಸಿಲಿನಲ್ಲಿ ಫಕ್ಕನೆ ಮುರಿಯುತ್ತದೆ.

ಬೀಜ ಬಿಡಿಸುವುದು ದೊಡ್ಡವರ ಕೆಲಸ. ಹಣ್ಣನ್ನು ಎಡಗೈಯಲ್ಲಿ ಹಿಡಿದು ಬೀಜವನ್ನು ತಿರುಪಿದರೆ ಬೇರೆಯಾಗುತ್ತದೆ. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ, ಮುಟ್ಟಿದ ದಿನವಲ್ಲ, ಮರುದಿನ ಗುಳ್ಳೆ ಎಬ್ಬಿಸಿ. ಹಸಿಬೀಜವನ್ನು ಹಲ್ಲಲ್ಲಿ ಕಚ್ಚಿದ ಮಗುವಿನ ತುಟಿ ಬಾತು ಹೋಗುತ್ತದೆ. ಬಿಡಿಸುವ ಮೊದಲೇ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ, ಆಮೇಲೆ ಸಾಬೂನು.

ಮೂರು ಕಿಲೋ ಹಣ್ಣು ಸಾಕು. ಗಿಡ್ಡ ಬುಟ್ಟಿಯಲ್ಲಿ ಒಂದೇ ಪದರ ಹರವಿ ನೆರಳಲ್ಲಿ ಇಡಿ. ಒಂದರ ಮೇಲೆ ಒಂದು ಹೇರಿದರೆ ಅಡಿಯದ್ದು ರಸವಾಗಿರುತ್ತದೆ.

ಪುನರ್ಪುಳಿ, 8ರಿಂದ 9

ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ ಇದು. ಕೊಂಬೆ ಕೆಳಗೆ ಬಾಗಿರುತ್ತದೆ, ಹಣ್ಣು ಲಿಂಬೆಯಷ್ಟು, ಮುಳ್ಳಿಲ್ಲ. ಪೂರ್ತಿ ಕಡುಕೆಂಪಾದದ್ದನ್ನು ಮಾತ್ರ ಕೊಯ್ಯಿಸಿ. ಅರೆಗೆಂಪು ಹಣ್ಣಿನ ಸಿಪ್ಪೆಯಲ್ಲಿ ಬಣ್ಣ ಕಡಿಮೆ. ಶರಬತ್ತು ತೆಳು ಗುಲಾಬಿಯಾಗಿ ಉಳಿಯುತ್ತದೆ. ಒಂದು ಮರದಲ್ಲಿ ಒಂದೂ ಹಣ್ಣಿಲ್ಲದಿದ್ದರೆ ಧನಿಗಳ ಆರೈಕೆಯನ್ನು ದೂರಬೇಡಿ, ಅದು ಗಂಡು ಮರ.

ದೋಟಿಯಲ್ಲಿ ಬಡಿದು ಬೀಳಿಸುವ ಕ್ರಮ ಉಂಟು. ಅದು ಅಂದೇ ಕೊಯ್ದು ಅಂದೇ ಬಿಸಿಲಿಗೆ ಹಾಕುವವರಿಗೆ ಸರಿ. ಕಾರಿನಲ್ಲಿ ಎರಡು ಗಂಟೆ ಹೋಗಬೇಕಾದ ಹಣ್ಣು ಒಡೆದರೆ ರಸವೆಲ್ಲ ಕ್ರೇಟಿನ ಅಡಿಗೆ ಇಳಿಯುತ್ತದೆ. ಎತ್ತರದ್ದಕ್ಕೆ ಕೆಳಗೆ ಹಳೆ ಸೀರೆಯ ನಾಲ್ಕು ಮೂಲೆ ಹಿಡಿದು ನಿಂತು ಕೊಂಬೆ ಅಲುಗಿಸಿ, ಮಾಗಿದ್ದು ಬೀಳುತ್ತದೆ.

ಐದು ಕಿಲೋ ಕೊಯ್ದರೆ ಸುಮಾರು ಅರ್ಧದಷ್ಟು ಸಿಪ್ಪೆ ಸಿಗುತ್ತದೆ, ಒಂದು ಸಂಸಾರಕ್ಕೆ ವರ್ಷದ ಶರಬತ್ತಿಗೂ ಸಾರಿಗೂ ಸಾಲುತ್ತದೆ. ಅಲ್ಯುಮಿನಿಯಂ, ಕಬ್ಬಿಣದ ಪಾತ್ರೆಗೆ ಹಾಕಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ, ರುಚಿ ಕೆಡುತ್ತದೆ.

ಮಾವು, ಇಬ್ಬನಿ ಆರಿದ ಮೇಲೆ

ಮಾವನ್ನು ಬೆಳಗಿನ ತಂಪಿಗೇ ಕೊಯ್ಯಬೇಕು ಎಂದು ತಿಳಿದವರು ಬಹಳ. ಆ ಹೊತ್ತಿಗೆ ಮರದೊಳಗೆ ನೀರಿನ ಒತ್ತಡ ಹೆಚ್ಚು, ತೊಟ್ಟು ಮುರಿದ ಕೂಡಲೇ ಸೊನೆ ಚಿಮ್ಮುತ್ತದೆ. ಒಂಬತ್ತೂವರೆ ದಾಟಿದ ಮೇಲೆ ಅದು ಇಳಿಯುತ್ತದೆ.

ಬಲಿತದ್ದು ಹೇಗೆ ತಿಳಿಯುವುದು? ತೊಟ್ಟಿನ ಎರಡು ಬದಿಯ ಹೆಗಲು ತುಂಬಿ ಮೇಲೆ ಎದ್ದು ತೊಟ್ಟು ಗುಳಿಯಲ್ಲಿ ಕೂತಂತೆ ಕಾಣಬೇಕು. ಸಂಶಯವಿದ್ದರೆ ಒಂದನ್ನು ಕೊಯ್ದು ನೀರಿನ ಬಕೆಟಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದರೆ ಆ ಮರವನ್ನು ಇನ್ನೆರಡು ವಾರ ಬಿಡಿ. ಹೆಗಲು ತುಂಬದೆ ಕೊಯ್ದ ಮಾವು ಬೈಹುಲ್ಲಿನಲ್ಲಿ ಎಷ್ಟು ದಿನ ಇಟ್ಟರೂ ಸುಕ್ಕುಗಟ್ಟುತ್ತದೆಯೇ ಹೊರತು ಹಣ್ಣಾಗುವುದಿಲ್ಲ.

ಕೈಗೆಟಕುವುದನ್ನು ಕತ್ತರಿಯಲ್ಲಿ ಎರಡು ಇಂಚು ತೊಟ್ಟು ಉಳಿಸಿ ಕತ್ತರಿಸಿ. ಮೇಲಿನದ್ದಕ್ಕೆ ಬಲೆ ಕಟ್ಟಿದ ದೋಟಿ ಬೇಕು; ಬರಿಯ ಕೊಕ್ಕೆಯಲ್ಲಿ ಎಳೆದು ನೆಲಕ್ಕೆ ಬೀಳಿಸಿದ ಹಣ್ಣಿಗೆ ಮೇಲೆ ಗಾಯ ಕಾಣದಿದ್ದರೂ ನಾಲ್ಕನೇ ದಿನ ಬಿದ್ದ ಬದಿ ಕಪ್ಪಾಗುತ್ತದೆ. ಕರೆಂಟಿನ ಸರಿಗೆ ಹತ್ತಿರವಿರುವ ಮರಕ್ಕೆ ಅಲ್ಯುಮಿನಿಯಂ ದೋಟಿ ಎತ್ತಲೇಬೇಡಿ, ಕಾರ್ಬನ್ ಫೈಬರಿನ ಹೊಸ ದೋಟಿಯನ್ನೂ ಎತ್ತಬೇಡಿ. ನೋಡಲು ಪ್ಲಾಸ್ಟಿಕಿನ ಹಾಗಿದ್ದರೂ ಅದರಲ್ಲಿ ಕರೆಂಟು ಹರಿಯುತ್ತದೆ.

ಸೊನೆ ಇಳಿಸುವ ಕ್ರಮ ಮುಖ್ಯ. ನೆರಳಿಗೆ ತಂದು ಹಣ್ಣನ್ನು ತಲೆಕೆಳಗಾಗಿ ಹಿಡಿದು, ಮುಖದಿಂದ ದೂರ, ಉಳಿಸಿದ ತೊಟ್ಟನ್ನು ಬುಡದಲ್ಲಿ ಮುರಿಯಿರಿ. ಮೊದಲು ಚಿಮ್ಮುವ ನಾಲ್ಕಾರು ಹನಿಯಲ್ಲೇ ಸುಡುವ ಅಂಶ ಹೆಚ್ಚು, ಅದು ನೆಲಕ್ಕೆ ಬೀಳಲಿ. ಮತ್ತೆ ಒಣಹುಲ್ಲಿನ ಮೇಲೋ ಅಡಿಕೆ ಸಲಾಕೆಯ ಮೇಲೋ ತೊಟ್ಟು ಕೆಳಗಾಗಿ ಅರ್ಧ ಗಂಟೆ ಕವುಚಿ ಇಡಿ. ಹನಿ ನಿಂತ ಮೇಲೆ ನೀರಲ್ಲಿ ಅದ್ದಿ ಒರೆಸಿ. ಹತ್ತು ಕಿಲೋ ಮಾವಿಗೆ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಜ್ಜಿ ಕುರ್ಚಿಯಲ್ಲಿ ಕೂತು ಮಾಡಬಹುದಾದ ಕೆಲಸ, ಹೆಚ್ಚಿನ ಅಜ್ಜಿಯಂದಿರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಕಾಟು ಮಾವಿಗೆ ಈ ಉಪಚಾರವೇನೂ ಬೇಡ. ಅದು ಮರದಲ್ಲೇ ಹಣ್ಣಾಗಿ ಬೀಳುವುದು. ಗಾಳಿಗೆ ಬಿದ್ದದ್ದನ್ನು ಹೆಕ್ಕಿ ಅದೇ ದಿನ ಗೊಜ್ಜಿಗೋ ಸಾಸಿವೆಗೋ ಉಪಯೋಗಿಸಿ, ಹೆಚ್ಚಾದರೆ ರಸ ಹಿಂಡಿ ಮಾಂಬಳಕ್ಕೆ ಚಾಪೆಯ ಮೇಲೆ ಹರವಿ ಒಣಗಿಸಿ.

ಮಾವು, ಗೇರು ಎರಡರಲ್ಲೂ ಎಲೆ ಹೊಲಿದು ಗೂಡು ಕಟ್ಟಿದ ಚಿಗಳಿ ಇರುವೆ ಇರುತ್ತದೆ. ಗೂಡಿರುವ ಕೊಂಬೆ ಬಿಟ್ಟು ಇನ್ನೊಂದಕ್ಕೆ ಹೋಗಿ. ಬೆಂಕಿ ಹಿಡಿದು ಸುಡುವ ಉಮೇದು ಬೇಡ; ಟೀ ಸೊಳ್ಳೆಯನ್ನು ತಿಂದು ಬೆಳೆ ಕಾಯುವುದು ಅದೇ ಇರುವೆ.

ಕೊನೆಗೆ ಹಲಸು

ಕೊನೆಗೆ ಏಕೆಂದರೆ ಒಮ್ಮೆ ಮಯಣ ಹಿಡಿದ ಕೈ ಬೇರೆ ಹಣ್ಣು ಮುಟ್ಟಲು ಲಾಯಕ್ಕಲ್ಲ. ಬರಿಕ್ಕೆ, ತುಳುವೆ ಎಂಬ ಎರಡು ಜಾತಿಯನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಬರಿಕ್ಕೆಯ ಸೊಳೆ ಗಟ್ಟಿ, ಮನೆಗೆ ಒಯ್ಯಲು ಅದೇ ಸರಿ. ತುಳುವೆ ಹಣ್ಣಾದರೆ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ, ಸೊಳೆ ಗಂಟಲಿಗೆ ಜಾರುತ್ತದೆ. ಕಾರಿನಲ್ಲಿ ಇಟ್ಟರೆ ಮನೆ ಮುಟ್ಟುವಾಗ ಒಡೆದಿರುತ್ತದೆ. ಹಣ್ಣಾದ ತುಳುವೆ ಒಂದನ್ನು ಅಲ್ಲೇ ಕೂತು ತಿನ್ನಿ, ಬಲಿತ ಬರಿಕ್ಕೆ ಒಂದನ್ನು ಮನೆಗೆ ಒಯ್ಯಿರಿ. ಎರಡು ಒಯ್ಯುತ್ತೇವೆ ಎನ್ನುವವರು ಹತ್ತು ಕಿಲೋದ ಹಲಸಿನಲ್ಲಿ ಮೂರು ಕಿಲೋದಷ್ಟು ಸೊಳೆ ಇರುತ್ತದೆ ಎಂಬ ಲೆಕ್ಕ ನೋಡಿ, ಎರಡೂ ಒಂದೇ ದಿನ ಹಣ್ಣಾಗುತ್ತವೆ ಎಂಬುದನ್ನೂ ನೋಡಿ.

ಬಲಿತ ಗುರುತು ನಾಲ್ಕು: ಮುಳ್ಳುಗಳ ನಡುವೆ ಜಾಗ ಬಿಟ್ಟು ಮೊನೆ ಚಪ್ಪಟೆಯಾಗಿರುತ್ತದೆ, ಕತ್ತಿಯ ಹಿಂಬದಿಯಲ್ಲಿ ತಟ್ಟಿದರೆ ಟಕ್ ಎಂಬ ಸದ್ದು ಹೋಗಿ ಡಬ್ ಎನ್ನುತ್ತದೆ, ತೊಟ್ಟಿನ ಹತ್ತಿರದ ಕೊನೆಯ ಎಲೆ ಹಳದಿಯಾಗಿರುತ್ತದೆ, ಮುಳ್ಳೊಂದನ್ನು ಗೀರಿದರೆ ಹಾಲು ದಪ್ಪ ಬಿಟ್ಟು ನೀರಾಗಿರುತ್ತದೆ. ಒಂದೇ ಗುರುತನ್ನು ನಂಬಿ ಕತ್ತಿ ಹಾಕಬೇಡಿ. ಗಮಗಮ ವಾಸನೆ ಬರುತ್ತಿದ್ದರೆ ಅದು ಆಗಲೇ ಹಣ್ಣು, ಪ್ರಯಾಣಕ್ಕೆ ಆಗದು.

ಬುಡದಲ್ಲಿ ಕೈಗೆಟಕುವ ಹಲಸು ಹೆಚ್ಚಿನ ಮರದಲ್ಲೂ ಇರುತ್ತದೆ, ಅದನ್ನೇ ಆರಿಸಿ. ಮೇಲಿನದ್ದು ಬೇಕಾದರೆ ಮರ ಹತ್ತಿ ಅಭ್ಯಾಸವಿರುವ ತೋಟದವರಿಗೆ ಹೇಳಿ: ಮೊದಲು ತೊಟ್ಟಿಗೆ ಹಗ್ಗ ಬಿಗಿದು ಕೊಂಬೆಗೆ ಒಂದು ಸುತ್ತು ಹಾಕಿ, ತುದಿಯನ್ನು ಕೆಳಗಿನವರು ಹಿಡಿದ ಮೇಲೆ ತೊಟ್ಟು ಕಡಿಯಬೇಕು. ಹಗ್ಗ ಹಿಡಿದವರು ನೇರ ಅಡಿಯಲ್ಲಿ ನಿಲ್ಲದೆ ಬದಿಗೆ ನಿಲ್ಲಬೇಕು. ಬಿದ್ದ ಹಲಸು ಒಡೆಯದಿದ್ದರೂ ಒಳಗೆ ಜಜ್ಜಿ ಒಂದು ಬದಿ ಕೊಳೆತು ಇನ್ನೊಂದು ಬದಿ ಹಸಿಯಾಗಿ ಉಳಿಯುತ್ತದೆ.

ಕಡಿದ ಮೇಲೆ ತೊಟ್ಟು ಕೆಳಗೆ ಮಾಡಿ ಎಲೆಗಳ ಮೇಲೆ ಇಪ್ಪತ್ತು ನಿಮಿಷ ಇಡಿ, ಮಯಣ ಸುರಿದು ನಿಲ್ಲಲಿ. ತೊಟ್ಟಿಗೆ ಪತ್ರಿಕೆ ಸುತ್ತಿ. ಕೈ, ಕತ್ತಿಗೆ ಮೊದಲೇ ಎಣ್ಣೆ ಸವರಿರಬೇಕು. ಅಂಟಿದ ಮೇಲೆ ನೀರು ಹಾಕಿ ಉಜ್ಜಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ತಿಕ್ಕಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಿಸಿನೀರು, ಸಾಬೂನು. ತಲೆಕೂದಲಿಗೆ ಬಿದ್ದರೆ ಕತ್ತರಿಯೇ ಗತಿ, ಮುಟ್ಟಾಳೆ ಹೇಳಿದ್ದು ಅದಕ್ಕೇ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಮಯಣ ತೆಗೆಯುವ ಉಪಾಯ ಮಾತ್ರ ಅಜ್ಜನ ಕಾಲದ್ದೇ.

ಮಕ್ಕಳ ಮೇಲೆ ಕಣ್ಣು

ಮರದಿಂದ ಬೀಳುವುದಕ್ಕಿಂತ ಇಲ್ಲಿನ ದೊಡ್ಡ ಅಪಾಯ ನೀರಿನದ್ದು. ಕಟ್ಟೆಯಿಲ್ಲದ ಕೆರೆ, ತರಗೆಲೆ ಮುಚ್ಚಿದ ಹಳೆ ಬಾವಿ, ನೀರು ನಿಂತ ಕೆಂಪುಕಲ್ಲಿನ ಕೋರೆ, ಇವು ಎಲ್ಲಿವೆ ಎಂದು ತೋಟ ಇಳಿಯುವ ಮೊದಲೇ ಧನಿಗಳಿಂದ ಕೇಳಿ, ಮಕ್ಕಳಿಗೆ ಕೈಯಾರೆ ತೋರಿಸಿ. ಗುಡ್ಡದ ಬದಿಯಲ್ಲಿ ಅಡ್ಡ ಕೊರೆದ ಸುರಂಗ ಮಕ್ಕಳನ್ನು ಸೆಳೆಯುತ್ತದೆ. ಬಾಯಿಯಲ್ಲಿ ನಿಂತು ನೋಡಲಿ, ತಂಪು ಗಾಳಿ ಬರುವುದು ಗೊತ್ತಾಗಲಿ, ಒಳಗೆ ಬಿಡಬೇಡಿ. ಮಣ್ಣು ಕುಸಿಯಬಹುದು, ಬಾವಲಿ ಇರುತ್ತದೆ, ಬೇಸಿಗೆಯಲ್ಲಿ ತಂಪು ಹುಡುಕಿ ಹಾವೂ ಬಂದಿರುತ್ತದೆ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಹೋಗಿ. ಆ ಮದ್ದು ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂಬುದು ಫೋನಿನಲ್ಲಿ ಧನಿಗಳನ್ನು ಕೇಳಬೇಕಾದ ಐದನೆಯ ಪ್ರಶ್ನೆ. ಗುಡ್ಡದ ಹಲವು ಕಡೆ ಮೊಬೈಲಿಗೆ ರೇಂಜು ಇರುವುದಿಲ್ಲ.

ತೋಟದ ಮೂಲೆಯಲ್ಲಿ ಮರಗಳು ದಟ್ಟವಾಗಿ ಬೆಳೆದು, ನಡುವೆ ನಾಗನ ಕಲ್ಲು ಕಂ‍ಡರೆ ಅದು ನಾಗಬನ. ಅಲ್ಲಿನ ಹಣ್ಣು ಎಷ್ಟೇ ಕೈಗೆಟಕಿದರೂ ಕೊಯ್ಯುವ ಕ್ರಮವಿಲ್ಲ, ಚಪ್ಪಲಿ ಹಾಕಿ ಹೋಗುವುದೂ ಇಲ್ಲ.

ಕಾರಿಗೆ ತುಂಬುವುದು

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಾಗಲಿ, ಚೆರ್ಕಳ–ಜಾಲ್ಸೂರು ರಸ್ತೆಯಲ್ಲಾಗಲಿ ಮುಖ್ಯ ದಾರಿ ಬಿಟ್ಟ ಮೇಲೆ ತೋಟದ ಮನೆಗೆ ಕಡಿದಾದ ಮಣ್ಣಿನ ಇಳಿಜಾರೇ ಹೆಚ್ಚು. ತುಂಬಿದ ಕಾರು ಹತ್ತುವಾಗ ಹಣ್ಣೆಲ್ಲ ಹಿಂದಕ್ಕೆ ಉರುಳುತ್ತದೆ. ಹಲಸನ್ನು ಡಿಕ್ಕಿಯ ಅಡಿಯಲ್ಲಿ ಗೋಣಿಯ ಮೇಲೆ ಇಟ್ಟು, ಸುತ್ತ ಮತ್ತೊಂದು ಗೋಣಿ ಒತ್ತಿ ನಿಲ್ಲಿಸಿ. ಮಾವಿನ ಕ್ರೇಟು ಅದರ ಬದಿಗೆ, ಮೂರು ಪದರಕ್ಕಿಂತ ಮೇಲೆ ಬೇಡ, ನಡುನಡುವೆ ಪತ್ರಿಕೆ. ಪುನರ್ಪುಳಿ ಇನ್ನೊಂದು ಕ್ರೇಟಿಗೆ. ಗೇರಿನ ಬುಟ್ಟಿ ಡಿಕ್ಕಿಗಲ್ಲ, ಎದುರಿನ ಸೀಟಿನ ಕಾಲಡಿಗೆ, ಒದ್ದೆ ಬೈರಾಸು ಮುಚ್ಚಿ. ಊಟಕ್ಕೆ ನಿಲ್ಲಿಸಿದರೆ ಕಾರು ನೆರಳಲ್ಲಿರಲಿ. ಬಸ್ಸಿನಲ್ಲಿ ಬಂದವರು ಹಲಸಿನ ಆಸೆ ಬಿಟ್ಟು ಮಾವು, ಪುನರ್ಪುಳಿ ಮಾತ್ರ ಒಯ್ಯುವುದು ಜಾಣತನ.

ಸಂಜೆಯ ಕೆಲಸ

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮೊದಲ ಸರದಿ ಗೇರಿಗೆ. ಮರುದಿನಕ್ಕೆ ಇಟ್ಟರೆ ಹೋಯಿತು. ಎರಡು ತುದಿ ಕತ್ತರಿಸಿ ತೆಗೆಯಿರಿ, ತೊಗರು, ಎಂದರೆ ಒಗರು, ಅಲ್ಲಿ ಹೆಚ್ಚು. ಹಾಗೇ ತಿನ್ನುವವರು ಹೋಳು ಮಾಡಿ ಉಪ್ಪು ಸವರಿ ಕಾಲು ಗಂಟೆ ಬಿಟ್ಟರೆ ಗಂಟಲು ಹಿಡಿಯುವುದು ಕಡಿಮೆಯಾಗುತ್ತದೆ. ರಸಕ್ಕಾದರೆ ಹಿಂಡಿ ಸೋಸಿ, ಲೀಟರಿಗೆ 5 ಗ್ರಾಂ ಸಾಬಕ್ಕಿ ಹುಡಿಯನ್ನು ಸ್ವಲ್ಪ ನೀರಲ್ಲಿ ಗಂಜಿ ಕಾಯಿಸಿ, ಪೂರ್ತಿ ತಣಿದ ಮೇಲೆ ಬೆರೆಸಿ ಫ್ರಿಜ್ಜಿನಲ್ಲಿ ಇಡಿ. ಬೆಳಗ್ಗೆ ತೊಗರೆಲ್ಲ ಗಂಜಿಯ ಒಟ್ಟಿಗೆ ತಳಕ್ಕೆ ಇಳಿದಿರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಸಕ್ಕರೆ ಹಾಕಿ. ಬಿಸಿ ಗಂಜಿ ಸುರಿದರೆ ರಸ ಬೆಂದ ವಾಸನೆ ಹಿಡಿಯುತ್ತದೆ. ಹಣ ಕೊಟ್ಟು ತಂದ ಬೀಜವಿದ್ದರೆ ಎರಡು ಮೂರು ದಿನ ಬಿಸಿಲಿಗೆ ಹಾಕಿ, ಅಲುಗಿಸಿದರೆ ಗಲಗಲ ಎನ್ನಬೇಕು. ಸುಡುವುದು ಅಂಗಳದಲ್ಲಿ, ಗಾಳಿ ಬೀಸಿ ಬರುವ ಬದಿಯಲ್ಲಿ ನಿಂತು. ಗ್ಯಾಸಿನ ಒಲೆಯ ಮೇಲೆ ಅಡುಗೆಮನೆಯಲ್ಲಿ ಸುಟ್ಟರೆ ಹೊಗೆಗೆ ಕಣ್ಣು, ಗಂಟಲು ಉರಿದು ಮನೆಯವರೆಲ್ಲ ಅಂಗಳಕ್ಕೆ ಬರಬೇಕಾಗುತ್ತದೆ.

ಪುನರ್ಪುಳಿಯನ್ನು ರಾತ್ರಿ ತೊಳೆದು, ಒರೆಸಿ, ಬೆಳಗ್ಗೆ ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಶರಬತ್ತಿಗೆ ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ, ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗೆ ಇಡಿ, ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಕೈಯಾಡಿಸಿ. ಸಕ್ಕರೆ ಉಳಿಸುವ ಎಂದು ಅರ್ಧ ಹಾಕಿದ ಭರಣಿ ನೊರೆ ಬರುತ್ತದೆ. ಉಳಿದ ಸಿಪ್ಪೆಯನ್ನು ಸಾರಿಗೆಂದು ಐದಾರು ಬಿಸಿಲು ಒಣಗಿಸಿ. ಸಂಜೆಯ ಮೋಡ ಕಂಡರೆ ಒಳಗೆ ತನ್ನಿ, ಒಮ್ಮೆ ನೆನೆದದ್ದು ಬೂಸಲು ಹಿಡಿಯದೆ ಇರದು.

ಮಾವನ್ನು ಬೈಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಒಂದೇ ಪದರ ಇಡಿ. ಐದನೇ ದಿನದಿಂದ ದಿನಾ ನೋಡಿ, ಒಂದು ಕೊಳೆತರೆ ಆಗಲೇ ತೆಗೆಯಿರಿ.

ಹಲಸು ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿರಲಿ. ಮೂರರಿಂದ ಏಳು ದಿನದೊಳಗೆ ವಾಸನೆ ಬರುತ್ತದೆ, ಒತ್ತಿದರೆ ಮುಳ್ಳು ಬಗ್ಗುತ್ತದೆ. ವಾಸನೆ ಬಂದ ಮರುದಿನವೇ ಕೊರೆಯಿರಿ. ಅರ್ಧ ತಿನ್ನಲು, ಅರ್ಧ ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಎಂಬ ಕಡುಬಿಗೆ. ಹೆಚ್ಚಾದರೆ ಬೆಲ್ಲ ಹಾಕಿ ಕಾಯಿಸಿ ಬೆರಟಿ ಮಾಡಿ. ಬೇಳೆಯನ್ನು, ಎಂದರೆ ಹಲಸಿನ ಬೀಜವನ್ನು, ತೊಳೆದು ನೆರಳಲ್ಲಿ ಆರಿಸಿ ಇಟ್ಟರೆ ಸಾಂಬಾರಿಗೆ ವಾರಗಟ್ಟಲೆ ಆಗುತ್ತದೆ.

ರಜೆಯಲ್ಲಿ ಹೋಗಲಾಗದವರಿಗೆ ಮಳೆಗಾಲದ ರಂಬುಟಾನ್ ಇದೆ, ಜೂನ್ ಕಳೆದ ಮೇಲೆ. ಅದು ಕೊಯ್ದ ಮೇಲೆ ಹಣ್ಣಾಗುವ ಜಾತಿಯಲ್ಲ, ಪೂರ್ತಿ ಬಣ್ಣ ಬಂದ ಗೊಂಚಲನ್ನೇ ಕತ್ತರಿಯಲ್ಲಿ ತೆಗೆಯಬೇಕು, ಕೆಂಪು ಜಾತಿಯೋ ಹಳದಿ ಜಾತಿಯೋ ಎಂದು ಕೇಳಿಕೊಂಡು. ಗಾಳಿಗೆ ಬಿಟ್ಟರೆ ಕೂದಲು ಎರಡು ಮೂರು ದಿನದಲ್ಲಿ ಕಪ್ಪಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಿ. ಜೊತೆಗೆ ಮ್ಯಾಂಗೋಸ್ಟೀನ್ ಸಿಕ್ಕರೆ ಒಂದೊಂದಾಗಿ ಕೈಯಲ್ಲೇ ಕೊಯ್ಯಿರಿ. ಗೇಣೆತ್ತರದಿಂದ ಬಿದ್ದರೂ ಅದರ ಸಿಪ್ಪೆ ಬಿದ್ದ ಕಡೆ ಗಟ್ಟಿಯಾಗಿ ಆಮೇಲೆ ಕತ್ತಿಗೂ ಬಗ್ಗುವುದಿಲ್ಲ. ಕಾಲಿಗೆ ಉಂಬುಳ (ಜಿಗಣೆ) ಹತ್ತುವುದು ಈ ತಿಂಗಳುಗಳಲ್ಲಿ, ಸಾಕ್ಸಿನ ಮೇಲೆ ಉಪ್ಪು ನೀರು ಚಿಮುಕಿಸಿಕೊಂಡು ಇಳಿಯಿರಿ.